ಬೆನ್ನು ಮಾಡಿ ಕೂತ ಮನೆ

1861, ಜನವರಿ 6, ಭಾನುವಾರ

ನಿನ್ನೆ ಚಾವಣಿ ಮುಗಿಯಿತು. ಎರಡು ತಿಂಗಳು ಡೇರೆಯಲ್ಲಿ ಮಲಗಿದವಳಿಗೆ ಮಣ್ಣುಹೆಂಟೆಯ ಗೋಡೆಯೂ ಅರಮನೆಯೇ. ಹುಲ್ಲಿನ ಬೇರು ಸಮೇತ ನೆಲದಿಂದ ಕಡಿದ ಹೆಂಟೆಗಳು, ಒಂದರ ಮೇಲೊಂದು, ಎರಡಡಿ ದಪ್ಪ. ನಕ್ಷೆ ಮಾವನದು. ಸ್ಕಾಟ್ಲೆಂಡ್ ಬಿಡುವ ಮೊದಲೇ ಬರೆದು ಬೈಬಲ್ಲಿನಲ್ಲಿ ಮಡಿಸಿಟ್ಟುಕೊಂಡಿದ್ದರು. ನ್ಯೂಜಿಲೆಂಡಿಗೆ ಬರುವ ನೂರು ದಿನದ ಹಡಗಿನಲ್ಲಿ ಆ ಕಾಗದವನ್ನು ಬಿಚ್ಚಿ ನೋಡಿದಷ್ಟು ಸಲ ಅವರು ಸಮುದ್ರವನ್ನೂ ನೋಡಲಿಲ್ಲ.

ಮುಂದೆ ದೊಡ್ಡ ಕೋಣೆ, ಗಾಜಿನ ಕಿಟಕಿ ಎರಡು. ಅದು ಮಾವನ ಕೋಣೆ. ಹಿಂದೆ ನನ್ನ ಅಡುಗೆಮನೆ. ಕಿಟಕಿಯಿಲ್ಲ, ಒಂದು ಹಿಂಬಾಗಿಲು. ಮನೆಯ ಮುಖ ದಕ್ಷಿಣಕ್ಕೆ, ನದಿಯ ಕಡೆಗೆ. ಬೆನ್ನು ಉತ್ತರಕ್ಕೆ, ಒಂದು ಮೈಲಿ ಆಚೆಯ ಗುಡ್ಡದ ಸಾಲಿನ ಕಡೆಗೆ. ಮಾವ ದಿಕ್ಸೂಚಿ ಹಿಡಿದೇ ಗೂಟ ಹೊಡೆದರು. "ಟೆಲ್ಫರ್ ಮನೆ ಅಂದ್ರೆ ದಕ್ಷಿಣಕ್ಕೆ ಮುಖ. ಬಿಸಿಲು ನೆಟ್ಟಗೆ ಒಳಗೆ ಬರಬೇಕು," ಅಂದರು. ನನ್ನ ಗಂಡ ವಾಟ್ ತಲೆಯಾಡಿಸಿದ. ಅಪ್ಪ ಏನು ಹೇಳಿದರೂ ಅವನು ತಲೆಯಾಡಿಸುತ್ತಾನೆ.

ನನ್ನ ಮಾವ ಗಿಡಿಯನ್ ಟೆಲ್ಫರ್ ಎಂದರೆ ನಮ್ಮ ಕಡೆಯ ಬೆಟ್ಟಗಳಲ್ಲೆಲ್ಲ ಹೆಸರು. ನಲವತ್ತೆರಡು ಚಳಿಗಾಲ ಬೇರೆಯವರ ಕುರಿ ಕಾದರು. ಈಗ ಅರವತ್ತೆರಡನೇ ವಯಸ್ಸಿನಲ್ಲಿ ಮೊದಲ ಸಲ ತಮ್ಮದೇ ಮಂದೆ, ಸಾವಿರದ ಆರುನೂರು. ಮುಂದಿನ ಬೇಸಿಗೆಯಲ್ಲಿ ಸರ್ಕಾರದವರು ಬಂದು ನೋಡಿದಾಗ ಸಾವಿರಕ್ಕಿಂತ ಕಡಿಮೆ ಇದ್ದರೆ ಈ ಹುಲ್ಲುಗಾವಲು ಬೇರೆಯವರ ಪಾಲು. ಅಂದರೆ ಎಲ್ಲವೂ ಈ ಒಂದು ಚಳಿಗಾಲದ ಮೇಲೆ ನಿಂತಿದೆ. ನನಗಂತೂ ಕುರಿಗಳೆಲ್ಲ ಒಂದೇ ಮುಖದವು. ನಮ್ಮ ನೆಲ್‌ಗೆ ನಾಲ್ಕು ವರ್ಷ, ಆದರೂ ಕುರಿ ಗುರುತಿಸುವುದರಲ್ಲಿ ಮಗಳು ನನಗಿಂತ ವಾಸಿ.

ಭಾನುವಾರ ಬೈಬಲ್ ಬಿಟ್ಟು ಬೇರೇನನ್ನೂ ಓದಕೂಡದು, ಬರೆಯಕೂಡದು ಎಂದು ಮಾವನ ಕಟ್ಟಪ್ಪಣೆ. ಆದರೆ ಅಡುಗೆಮನೆ ಹೆಂಗಸರ ಜಾಗವೆಂದು ಅವರು ಇಲ್ಲಿ ಕಾಲಿಡುವುದಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಜನವರಿ 22

ಬಟ್ಟೆ ಒಗೆದು ಮುಂದಿನ ಅಂಗಳದಲ್ಲಿ ಹರವಿದ್ದೆ. ಹನ್ನೆರಡು ಗಂಟೆಗೆ ನೋಡಿದರೆ ಮನೆಯ ನೆರಳು ಮುಂದಕ್ಕೆ ಎರಡು ಮೊಳ ಚಾಚಿ ಬಟ್ಟೆಯ ಮೇಲೇ ಬಿದ್ದಿದೆ. ಊರಿನಲ್ಲಿ ನಡುಹಗಲಿನ ನೆರಳು ಹಿತ್ತಲಿಗೆ ಬೀಳುತ್ತಿತ್ತು. ಅಪ್ಪನ ಗಡಿಯಾರ ರಿಪೇರಿ ಅಂಗಡಿಯ ಮುಂದೆ ಯಾವಾಗಲೂ ಬಿಸಿಲು. ಇದೇನು ವಿಚಿತ್ರ ಎಂದು ಮನೆಗೆ ಎರಡು ಸುತ್ತು ಹಾಕಿದೆ. ನನ್ನ ಹಿಂಬಾಗಿಲ ಹೊಸ್ತಿಲ ಒಳಗೆ ಒಂದು ಸಣ್ಣ ಪಟ್ಟಿ ಬಿಸಿಲಿತ್ತು. ಬೆಕ್ಕು ಅದರ ಮೇಲೆ ಮೈ ಮಡಿಸಿ ಮಲಗಿತ್ತು.

ಮಾವನನ್ನು ಕೇಳಿದೆ.

"ಇಲ್ಲಿ ಜನವರಿಗೆ ಬೇಸಿಗೆ ಕಣಮ್ಮ," ಅಂದರು. "ಬೇಸಿಗೇಲಿ ಸೂರ್ಯ ಉತ್ತರಕ್ಕೆ ಸರೀತಾನೆ. ನಮ್ಮೂರಲ್ಲೂ ಜೂನ್ ತಿಂಗಳಲ್ಲಿ ಬೆಳಗಿನ ಬಿಸಿಲು ಹಿತ್ತಲ ಗೋಡೆಗೆ ಬೀಳ್ತಿರಲಿಲ್ವಾ? ಚಳಿಗಾಲ ಬಂದ್ರೆ ದಕ್ಷಿಣಕ್ಕೆ ಇಳೀತಾನೆ. ಇರೋ ಸೂರ್ಯ ಒಬ್ಬನೇ, ಅವನ ಚಾಳಿನೂ ಒಂದೇ. ಗಡಿಯಾರದವನ ಮಗಳಿಗೆ ಇಷ್ಟೂ ಗೊತ್ತಿಲ್ವಾ?"

ಮಾತೇನೋ ಸರಿಯಾಗಿಯೇ ಕೇಳಿಸಿತು. ಆದರೂ ಅಪ್ಪ ಕೊಟ್ಟ ಗಡಿಯಾರ ಎದುರಿಗಿಟ್ಟುಕೊಂಡು, ಸರಿಯಾಗಿ ಹನ್ನೆರಡಕ್ಕೆ ಬಿಸಿಲು ಎಲ್ಲಿ ಮುಗಿಯುತ್ತದೋ ಅಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದು ತಾರೀಕು ಹಾಕಿದೆ. ಮಾವ ಹೇಳಿದ ಹಾಗೆ ಸೂರ್ಯ ದಕ್ಷಿಣಕ್ಕೆ ಹೊರಟರೆ ಈ ಪಟ್ಟಿ ದಿನದಿನಕ್ಕೆ ಕಿರಿದಾಗಿ ಹೊಸ್ತಿಲಿಂದಾಚೆ ಹೋಗಲೇಬೇಕು. ಹೋಗುತ್ತದೆಯೋ ಇಲ್ಲವೋ ನೋಡೋಣ.

ಫೆಬ್ರವರಿ 14

ಹೋಗಲಿಲ್ಲ. ಒಂದು ಗೇಣು ಒಳಗೆ ಬಂದಿದೆ.

ಇವತ್ತು ಮಾವ, ವಾಟ್ ಮತ್ತು ನಮ್ಮ ಆಳು ಮೆಕ್‌ಫೀ, ಮೂವರೂ ಗುಡ್ಡದ ಸಾಲು ಹತ್ತಿ ಬಂದರು. ಚಳಿಗಾಲದ ಮೇವಿಗೆ ಜಾಗ ಗೊತ್ತು ಮಾಡಬೇಕಿತ್ತು. ಮನೆಯ ಕಡೆಗೆ ಮುಖ ಮಾಡಿದ ಈಚೆಯ ಇಳಿಜಾರಿನಲ್ಲಿ ಹುಲ್ಲು ಮೊಣಕಾಲುದ್ದವಂತೆ, ಹಸಿರಂತೆ. ಆಚೆಯ ಇಳಿಜಾರಿನದು ಮೋಟು, ಹಳದಿ, ಕಾಲಿಟ್ಟರೆ ಪರಪರ ಎನ್ನುತ್ತದಂತೆ. ಮಾವನಿಗೆ ಯೋಚಿಸುವ ಕಷ್ಟವೇ ಇರಲಿಲ್ಲ.

"ದಕ್ಷಿಣದ ಇಳಿಜಾರು, ಮೊಣಕಾಲುದ್ದ ಹುಲ್ಲು. ಇನ್ನೇನು ಬೇಕು?" ಅಂದರು. ಅವರು ಅಷ್ಟು ಖುಷಿಯಾಗಿದ್ದದ್ದನ್ನು ಮದುವೆಯಾದ ಮೇಲೆ ಇದೇ ಮೊದಲು ನೋಡಿದ್ದು. ನೆಲ್‌ಳನ್ನು ಹೆಗಲ ಮೇಲೆ ಕೂರಿಸಿಕೊಂಡು ನದಿಯವರೆಗೂ ಹೋಗಿಬಂದರು.

ಈಚೆ ಕಡೆ ಮಾತ್ರ ಹುಲ್ಲು ಹಸಿರಾಗಿ ಏಕೆ ಉಳಿಯುತ್ತದೆ? ಮಳೆ ಎರಡೂ ಕಡೆ ಒಂದೇ ಸುರಿಯುತ್ತದಲ್ಲ. ಯಾರನ್ನು ಕೇಳಲಿ?

ಮಾರ್ಚ್ 3

ಗೆರೆ ಮೇಜಿನ ಮೊದಲ ಕಾಲಿಗೆ ಬಂದಿದೆ. ವಾಟ್‌ಗೆ ತೋರಿಸಿದೆ. ತಲೆ ಕೆರೆದುಕೊಂಡ. "ಅಪ್ಪಂಗೆ ಹೇಳ್ಬೇಡ ಕಣೆ ಎಫಿ, ಸುಮ್ನೆ ರೇಗ್ತಾರೆ," ಅಂದ. ಹೇಳುವುದಕ್ಕೆ ಏನಿದೆ, ಇನ್ನೂ ಬೇಸಿಗೆಯೇ ಮುಗಿದಿಲ್ಲ.

ಏಪ್ರಿಲ್ 19

ಮಂದೆಯನ್ನು ಈಚೆಯ ಇಳಿಜಾರಿಗೆ ಏರಿಸಿ ವಾರವಾಯಿತು. ಹಿಂಬಾಗಿಲಲ್ಲಿ ಪಾತ್ರೆ ತಿಕ್ಕುತ್ತ ಕೂತರೆ ಎಲ್ಲವೂ ಕಾಣುತ್ತದೆ, ಅಕ್ಕಿ ಚೆಲ್ಲಿದ ಹಾಗೆ.

ಗುಡ್ಡದ ಆಚೆ ಹೊಗೆ ಎದ್ದಿತ್ತು. ಮೆಕ್‌ಫೀ ಹೋಗಿ ನೋಡಿ ಬಂದು, ಕರಾವಳಿಯ ಮಾವೊರಿ ಜನ, ಈ ನೆಲದ ಮೂಲದವರು, ವೆಕಾ ಹಕ್ಕಿ ಹಿಡಿಯಲು ಬಂದಿದ್ದಾರೆ ಎಂದ. ಮಾವ ಮೂಗು ಮುರಿದರು. "ಇಷ್ಟು ಹಸಿರು ಬಿಟ್ಟು ಆ ಬೋಳು ಕಡೆ ಬಿಡಾರ ಹಾಕಿದಾರಲ್ಲ, ಎಂಥ ಜನಾನೋ," ಅಂದರು. ನನಗೂ ಹಾಗೇ ಅನಿಸಿತು, ಅದಕ್ಕೇ ಹೋಗಿ ಕೇಳಬೇಕೆಂದು ರೊಟ್ಟಿ ಕಟ್ಟಿಕೊಂಡು ನೆಲ್‌ಳನ್ನು ಎತ್ತಿಕೊಂಡು ಗುಡ್ಡ ಹತ್ತಿದೆ.

ಈಚೆ ಹತ್ತುವಾಗ ಹುಲ್ಲಿನ ಬುಡದಲ್ಲಿ ಬೆಳಗಿನ ಇಬ್ಬನಿ ಇನ್ನೂ ಕಟ್ಟಿಕೊಂಡಿತ್ತು, ಲಂಗ ಮೊಣಕಾಲಿನವರೆಗೆ ಒದ್ದೆ. ನೆತ್ತಿ ದಾಟಿ ಆಚೆ ಇಳಿದರೆ ನೆಲ ಬೆಚ್ಚಗೆ. ಬಿಡಾರ ತಲುಪುವುದರೊಳಗೆ ಲಂಗ ಒಣಗಿತ್ತು.

ಅಲ್ಲಿ ತಿನಿ ಎಂಬ ಹೆಂಗಸು ಹಕ್ಕಿಯ ಪುಕ್ಕ ಕೀಳುತ್ತ ಕೂತಿದ್ದಳು. ಇಂಗ್ಲಿಷ್ ಆಡುವ ತಿಮಿಂಗಿಲ ಬೇಟೆಯವರ ನಡುವೆ ಬೆಳೆದವಳು, ನಮ್ಮ ಮಾತನ್ನು ನನಗಿಂತ ಜೋರಾಗಿ ಆಡುತ್ತಾಳೆ. ಹಕ್ಕಿಯ ಕೊಬ್ಬಿನಲ್ಲೇ ಬೆಂದ ಮಾಂಸ ಕೊಟ್ಟಳು. ನೆಲ್ ಬೆರಳು ನೆಕ್ಕಿ ಮತ್ತೆ ಕೈ ಚಾಚಿದಳು.

"ನಿಮ್ಮನೆ ನೋಡ್ದೆ ಅಕ್ಕ," ಅಂದಳು ತಿನಿ. "ಯಾರ ಮೇಲೆ ಸಿಟ್ಟು ಅದಕ್ಕೆ?"

"ಯಾಕೆ?"

"ಬೆನ್ನು ಮಾಡಿ ಕೂತಿದೆಯಲ್ಲ."

ಅವಳ ಅತ್ತೆ, ಗಲ್ಲದ ಮೇಲೆ ಹಚ್ಚೆ ಇರುವ ಮುದುಕಿ, ಏನೋ ಅಂದಳು. ಎಲ್ಲರೂ ನಕ್ಕರು. ತಿನಿ ತಿಳಿಸಿ ಹೇಳಿದಳು: "ಅಲ್ಲಿ ಮನೆ ಕಟ್ಟೋಕೆ ಯಾರನ್ನ ಕೇಳಿದ್ರಿ ಅಂತಾಳೆ."

"ಸರ್ಕಾರವನ್ನ."

ತಿನಿ ಹೇಳಿದ್ದನ್ನು ಕೇಳಿ ಮುದುಕಿ ಇನ್ನೊಂದು ಹಕ್ಕಿ ಕೈಗೆತ್ತಿಕೊಂಡಳು. ಅವಳು ಗೊಣಗಿದ್ದನ್ನು ತಿನಿ ಹೇಳಲೋ ಬೇಡವೋ ಎನ್ನುತ್ತ ಹೇಳಿದಳು. "ಸರ್ಕಾರ ಇಲ್ಲಿ ಒಂದು ಚಳಿಗಾಲನಾದ್ರೂ ಕಳೆದಿದೆಯಾ ಅಂತ ಕೇಳ್ತಾಳೆ."

ಈ ಜಾಗದಲ್ಲೇ ಅವರ ಅಜ್ಜನ ಅಜ್ಜನ ಕಾಲದಿಂದ ಬಿಡಾರವಂತೆ. ಹಾಗಾದರೆ ಇದು ನಮ್ಮದಾದದ್ದು ಯಾವಾಗ ಎಂದು ನನಗೇ ತಿಳಿಯಲಿಲ್ಲ. ಮನೆಗೆ ಬಂದು ಮಾವನಿಗೆ ಮಾಂಸದ ಪಾಲು ಕೊಟ್ಟೆ, ಮಾತಿನ ಪಾಲು ಕೊಡಲಿಲ್ಲ.

ಮೇ 12

ಗೆರೆ ಮೇಜು ದಾಟಿದೆ. ಚಳಿಗಾಲ ಬರುತ್ತಿದೆ, ಸೂರ್ಯ ದಕ್ಷಿಣಕ್ಕೆ ಬರುತ್ತಿಲ್ಲ. ಉತ್ತರದಲ್ಲೇ ಕೆಳಕ್ಕೆ ಇಳಿದು ನನ್ನ ಅಡುಗೆಮನೆಯೊಳಗೆ ಇಣುಕುತ್ತಾನೆ. ಅಪ್ಪ ಇದ್ದಿದ್ದರೆ ಇದನ್ನು ನೋಡಿ ಊಟ ಮರೆಯುತ್ತಿದ್ದರು.

ಇನ್ನೊಂದು ವಿಚಿತ್ರ. ಮಧ್ಯಾಹ್ನವಾದರೆ ಸಾಕು, ಕುರಿಗಳು ಒಂದೊಂದೇ ಮೇಲಕ್ಕೆ ಸರಿದು ನೆತ್ತಿ ದಾಟಿ ಆಚೆ ಹೋಗುತ್ತವೆ. ಸಂಜೆ ಮೆಕ್‌ಫೀ ನಾಯಿ ಬಿಟ್ಟು ಎಲ್ಲವನ್ನೂ ಈಚೆಗೆ ಅಟ್ಟುತ್ತಾನೆ. ಮಾರನೇ ದಿನ ಮತ್ತೆ ಅದೇ. "ಮೊಂಡು ಜಾತಿ. ಇಷ್ಟು ಹುಲ್ಲು ಬಾಯಿಗಿಟ್ರೂ ಬೋಳು ಕಡೆಗೇ ಓಡ್ತವೆ," ಎಂದು ಮಾವ ಬೈಯುತ್ತಾರೆ. ನಲವತ್ತೆರಡು ವರ್ಷ ಕುರಿ ಕಾದವರು ಒಂದು ಸಲವಾದರೂ ಕುರಿಯನ್ನೇ ಯಾಕೆ ಅಂತ ಕೇಳಬಾರದೇ?

ಜೂನ್ 9

ಮಾವನ ಮೊಣಕಾಲು ಊದಿದೆ. ಮುಂದಿನ ಕೋಣೆಯ ಒಳಗೋಡೆಯಲ್ಲಿ ಪಾಚಿ. ಕಿಟಕಿಯ ಗಾಜಿನ ಒಳಮೈಗೆ ಮಂಜುಗಡ್ಡೆ ಕಟ್ಟುತ್ತದೆ, ನೆಲ್ ಅದರ ಮೇಲೆ ಉಗುರಿನಿಂದ ಕುರಿ ಬರೆಯುತ್ತಾಳೆ. ಅಡುಗೆಮನೆಗೆ ಬಂದು ಒಲೆ ಪಕ್ಕ ಕೂರಿ ಎಂದರೆ, "ನಾನೇನು ಬೆಕ್ಕಾ?" ಎನ್ನುತ್ತಾರೆ.

ಜೂನ್ 21

ವರ್ಷದ ಅತಿ ಚಿಕ್ಕ ಹಗಲು. ಹನ್ನೆರಡಕ್ಕೆ ಬಿಸಿಲು ಅಡುಗೆಮನೆ ಇಡೀ ದಾಟಿ ಎದುರು ಗೋಡೆಯನ್ನು ಮುಟ್ಟಿತು. ಇನ್ನು ತಡೆಯಲಾಗಲಿಲ್ಲ. ಮಾವನನ್ನು ಕರೆದೆ. ಅವರು ಒಳಬಾಗಿಲ ಚೌಕಟ್ಟು ಹಿಡಿದು ನಿಂತರೇ ಹೊರತು ಒಳಗೆ ಕಾಲಿಡಲಿಲ್ಲ. ಹೊಸ್ತಿಲಿಂದ ಗೋಡೆಯವರೆಗೆ ಒಂದರ ಹಿಂದೊಂದು ಹನ್ನೊಂದು ಗೆರೆ.

"ಸೂರ್ಯ ದಕ್ಷಿಣಕ್ಕೆ ಬರಲೇ ಇಲ್ಲ ಮಾವ. ನಾಳೆಯಿಂದ ಅವನು ವಾಪಸ್ ಹೋಗೋದು. ಈಚೆ ಇಳಿಜಾರು ಅವನಿಗೆ ಬೆನ್ನು ಮಾಡಿದೆ. ಇಡೀ ಚಳಿಗಾಲ ಅದಕ್ಕೆ ಬಿಸಿಲಿಲ್ಲ."

"ಅಂದ್ರೆ ನಲವತ್ತೆರಡು ವರ್ಷ ನಾನು ಕತ್ತೆ ಕಾದ್ನಾ?"

"ಅಲ್ಲಿ ನೀವು ಮಾಡಿದ್ದು ಸರೀನೇ. ಇಲ್ಲಿ ಎಲ್ಲ ತಿರುಗುಮುರುಗು."

"ಕುರಿ ಬಿಸಿಲು ತಿನ್ನಲ್ಲ ಕಣಮ್ಮ, ಹುಲ್ಲು ತಿನ್ನುತ್ತೆ. ಆಚೆ ಕಡೆ ಇರೋದು ನನ್ನ ಗಡ್ಡದಷ್ಟೂ ಉದ್ದ ಇಲ್ಲ. ಹೊಟ್ಟೆಗಿಲ್ಲದೆ ಸತ್ರೆ ನಿನ್ನ ಗೆರೆ ಎಳ್ಕೊಂಡು ಅಳ್ತೀಯಾ?" ಅಂದರು. "ವಾಟ್, ನೀನೇನಂತೀಯೋ?"

ವಾಟ್ ತನ್ನ ಬೂಟು ನೋಡಿಕೊಂಡ. "ಹುಲ್ಲೇನೋ ಈಚೆನೇ ಜಾಸ್ತಿ ಅಪ್ಪ," ಅಂದ.

ಅದೂ ಸುಳ್ಳಲ್ಲ. ಹುಲ್ಲಿನ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ.

ಜುಲೈ 3

ಮೆಕ್‌ಫೀ ಹೋದ. ದಕ್ಷಿಣದಲ್ಲಿ ಚಿನ್ನ ಸಿಕ್ಕಿದೆಯಂತೆ, ಸಲಿಕೆಗೆ ಬರುತ್ತದಂತೆ. ನಮ್ಮ ಸಲಿಕೆಯನ್ನೂ ಒಯ್ದಿದ್ದಾನೆ. ಮಾವನಿಗೆ ಮೆಟ್ಟಿಲು ಹತ್ತುವುದೂ ಆಗದು. ವಾಟ್ ಗುಡ್ಡದ ಪೂರ್ವದ ಪಾಲು ನೋಡಿಕೊಳ್ಳುತ್ತಾನೆ. ಪಶ್ಚಿಮದ ನಾನೂರು ಹಳೇ ಕುರಿಗಳನ್ನು ನಾನು ನೋಡಿಕೊಳ್ಳಬೇಕೆಂದು ತೀರ್ಮಾನವಾಯಿತು. ತೀರ್ಮಾನ ಮಾಡಿದ್ದು ನಾನೇ, ಬೇರೆ ಯಾರೂ ಬಾಯಿ ಬಿಡಲಿಲ್ಲ.

ಮಾವ ತಮ್ಮ ನಾಯಿ ಗ್ಲೆನ್‌ನನ್ನು ಕೊಟ್ಟರು. ಸಿಳ್ಳೆ ಹೇಳಿಕೊಟ್ಟರು: ಉದ್ದಕ್ಕೆ ಊದಿದರೆ ಬಲಕ್ಕೆ, ಎರಡು ಚಿಕ್ಕದಾದರೆ ಎಡಕ್ಕೆ, ಒಂದೇ ತುಂಡು ಸಿಳ್ಳೆಗೆ ಕೂರಬೇಕು. "ಸಂಜೆಗೆ ಒಂದೂ ಆಚೆ ಇರಕೂಡದು. ಎಲ್ಲ ಈಚೆಗೆ ತಿರುಗಿಸಿಯೇ ಬರಬೇಕು," ಅಂದರು. ಹೂಂ ಅಂದೆ.

ನೆಲ್‌ಳನ್ನು ನೋಡಿಕೊಳ್ಳುವುದು ಮಾವನ ಪಾಲಿಗೆ ಬಂತು. ಗಂಜಿಗೆ ಓಟ್ಸ್ ಎಷ್ಟು ಹಾಕಬೇಕೆಂದು ಒಳಬಾಗಿಲಲ್ಲೇ ನಿಂತು ಕೇಳಿದರು.

ಜುಲೈ 8

ಗುಡ್ಡದ ಮೇಲಿನ ಕೆಲಸ ಇಷ್ಟು ಸ್ವಾರಸ್ಯವಾಗಿರುತ್ತದೆಂದು ಗೊತ್ತಿರಲಿಲ್ಲ. ಹರಿದ ಕಿವಿಯವಳು ಹೊರಟರೆ ಉಳಿದವು ಹೊರಡುತ್ತವೆ. ಗೂನಿ ಯಾವಾಗಲೂ ಕೊನೆ. ಮೊಂಡಮೂತಿಗೆ ನಾಯಿಯ ಭಯವಿಲ್ಲ, ನನ್ನ ಭಯವೂ ಇಲ್ಲ. ಈಚೆಯ ಹುಲ್ಲು ಈಗಲೂ ಉದ್ದವೇ, ಆದರೆ ಬುಡದಿಂದ ತುದಿಯವರೆಗೆ ಮಂಜಿನಲ್ಲಿ ಹೂತಿದೆ. ಕುರಿ ಕಚ್ಚಿದರೆ ಗಾಜು ಒಡೆದ ಸದ್ದು. ತುಪ್ಪಳದ ತುದಿಗಳಲ್ಲಿ ಮಂಜುಗಡ್ಡೆಯ ಮಣಿಗಳು, ನಡೆದರೆ ಕಿಣಿಕಿಣಿ ಎನ್ನುತ್ತವೆ.

ಆಚೆಯ ಮೋಟು ಹುಲ್ಲನ್ನು ಹಲ್ಲಿನಲ್ಲಿ ಜಗಿದು ನೋಡಿದೆ. ಒಣಗಿದ್ದರೂ ಸಿಹಿ. ಈಚೆಯದನ್ನೂ ಜಗಿದೆ. ನೀರು ನೀರು, ರುಚಿಯೇ ಇಲ್ಲ. ಹುಲ್ಲಿನ ಮಾತಿಗೆ ಈಗ ಉತ್ತರವಿದೆ. ಆದರೆ ಹುಲ್ಲು ಜಗಿದು ನೋಡಿದೆ ಎಂದು ಮಾವನ ಮುಂದೆ ಹೇಗೆ ಹೇಳಲಿ?

ಸಂಜೆ ತಿರುಗಿಸಿದೆ. ಹರಿದ ಕಿವಿಯವಳು ನೆತ್ತಿಯ ಮೇಲೆ ನಿಂತು ಬಹಳ ಹೊತ್ತು ನನ್ನ ಮುಖ ನೋಡಿದಳು.

ಜುಲೈ 12

ಇವತ್ತು ತಿರುಗಿಸಲಿಲ್ಲ.

ಮಾವ ಕೇಳಿದರು, "ಎಲ್ಲ ಈಚೆ ಬಂದ್ವಾ?" ಬಂದವು ಅಂದೆ. ಗಂಜಿ ತಳ ಹಿಡಿದಿತ್ತು. ಬಟ್ಟಲು ಖಾಲಿ ಮಾಡಿದೆ.

ಜುಲೈ 14, ಭಾನುವಾರ

ಮೂರು ದಿನ, ಮೂರು ಸುಳ್ಳು. ಇವತ್ತಿನದು ಭಾನುವಾರದ ಸುಳ್ಳು, ಅದಕ್ಕೆ ತೂಕ ಹೆಚ್ಚಿರಬೇಕು. ಆ ನಾನೂರು ಕುರಿ ಆಚೆ ಹೊಟ್ಟೆಗಿಲ್ಲದೆ ಸತ್ತರೆ ಕೊಂದವಳು ನಾನೇ. ಹೇಳಿಬಿಡೋಣವೆಂದು ಎರಡು ಸಲ ಮುಂದಿನ ಕೋಣೆಯವರೆಗೆ ಹೋದೆ. ಮಾವ ಕಂಬಳಿ ಹೊದ್ದು ನಡುಗುತ್ತ ನೆಲ್‌ಗೆ ತಮ್ಮ ಹಳೇ ದೊಡ್ಡ ಹಿಮಪಾತದ ಕಥೆ ಹೇಳುತ್ತಿದ್ದರು: ದಕ್ಷಿಣದ ಇಳಿಜಾರಿನಲ್ಲಿ ಕುರಿ ಇಟ್ಟು ಎಲ್ಲವನ್ನೂ ಉಳಿಸಿದ್ದು. ನಾಲಗೆ ತುದಿಗೆ ಬಂದದ್ದನ್ನು ನುಂಗಿ ಬಂದೆ.

ಜುಲೈ 16

ಹಿಮ.

ಜುಲೈ 18

ಇನ್ನೂ ಬೀಳುತ್ತಿದೆ. ಮುಂಬಾಗಿಲು ತೆರೆಯುವುದಿಲ್ಲ, ಕಿಟಕಿಗಳು ಮುಚ್ಚಿಹೋದವು. ಹಿಂಬಾಗಿಲಿಂದಲೇ ಓಡಾಟ. ಗುಡ್ಡ ಎಲ್ಲಿದೆಯೆಂದೇ ಕಾಣದು. ವಾಟ್ ಮೂರು ಸಲ ಹೊರಟು ಮೂರು ಸಲ ವಾಪಸ್ ಬಂದ.

ಜುಲೈ 20

ನಿಂತಿತು. ಆಕಾಶ ತೊಳೆದಿಟ್ಟ ಹಾಗಿದೆ. ವಾಟ್ ಮತ್ತು ನಾನು ಹಲಗೆಯಲ್ಲಿ ಹಿಮ ತೋಡುತ್ತ ಈಚೆಯ ಇಳಿಜಾರು ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ಎದೆಯುದ್ದ ಹಿಮ. ಗ್ಲೆನ್ ಮೂಸಿ ಕೆರೆದ ಕಡೆಯಲ್ಲೆಲ್ಲ ತೋಡಿದೆವು. ಕೆಲವು ಬದುಕಿದ್ದವು, ಒಂದರ ಮೈಯ ಉಣ್ಣೆಯನ್ನು ಇನ್ನೊಂದು ತಿನ್ನುತ್ತಿದ್ದವು. ಕೆಲವು ನಿಂತಲ್ಲೇ ಸತ್ತಿದ್ದವು. ನನ್ನ ನಾನೂರರ ಗತಿ ನೋಡಲು ನೆತ್ತಿ ಹತ್ತಲಾಗಲಿಲ್ಲ. ಕೈಬೆರಳು ಬಾಗುತ್ತಿಲ್ಲ, ಇಷ್ಟು ಸಾಕು.

ಜುಲೈ 23

ನಿನ್ನೆಯದನ್ನು ಬರೆಯಬೇಕು, ಮರೆಯುವ ಮೊದಲು.

ಬೆಳಿಗ್ಗೆ ಎದ್ದರೆ ಮಾವ ಕೋಲು ಹಿಡಿದು ಹಿಂಬಾಗಿಲಲ್ಲಿ ನಿಂತಿದ್ದರು. ಅಡುಗೆಮನೆ ದಾಟದೆ ಅಲ್ಲಿಗೆ ಬರುವ ದಾರಿಯಿಲ್ಲ. ಮೊಣಕಾಲಿಗೆ ಕಂಬಳಿಯ ಪಟ್ಟಿ ಬಿಗಿದಿದ್ದರು. "ದಾರಿ ತುಳೀಬೇಕು. ತುಳಿದ ದಾರಿ ಇದ್ರೆ ಕುರಿ ಬರುತ್ತೆ. ಮೂರು ಜೋಡಿ ಕಾಲು ಬೇಕು," ಅಂದರು. ನೆಲ್‌ಳನ್ನು ನನ್ನ ಬೆನ್ನಿಗೆ ಕಟ್ಟಿಕೊಂಡೆ.

"ಯಾವ ಕಡೆಗೆ ತುಳಿಯೋಣ ಅಪ್ಪ?" ಎಂದು ವಾಟ್ ಕೇಳಿದ. ಮಾವ ನದಿಯ ಕಡೆ ನೋಡಿದರು. ಕೆಳಗೆ ನದಿಬಯಲು ಪೂರ್ತಿ ಹಿಮ. ನಾನು ನೆತ್ತಿಯ ಕಡೆ ಕೈ ತೋರಿಸಿ ಮುಂದೆ ಹೊರಟೆ.

ಎರಡು ಗಂಟೆ ತುಳಿದೆವು, ಒಬ್ಬರ ಹೆಜ್ಜೆಯಲ್ಲಿ ಇನ್ನೊಬ್ಬರು. ಬಿಡಿಸಿದ ಕುರಿಗಳು ದಾರಿಯ ಬುಡದಲ್ಲಿ ಗುಂಪಾಗಿ ನಿಂತವೇ ಹೊರತು ಕಾಲೆತ್ತಲಿಲ್ಲ. ಗ್ಲೆನ್ ಬೊಗಳಿದ, ವಾಟ್ ನೂಕಿದ, ಊಹೂಂ. ಆಗ ಆಚೆಯಿಂದ ಒಂದು ಕುರಿ ಕೂಗಿತು. ಇನ್ನೊಂದು ಕೂಗಿತು. ಆಮೇಲೆ ನೂರಾರು. ಈಚೆಯವು ಕಿವಿ ನಿಮಿರಿಸಿದವು. ಮುಂದಿನದು ದಾರಿಗೆ ಕಾಲಿಟ್ಟಿತು, ಅದರ ಹಿಂದೆ ಉಳಿದವು ಸಾಲಾಗಿ ಹತ್ತತೊಡಗಿದವು.

ನಾವು ಮೂವರೂ ನೆತ್ತಿಯ ಮೇಲೆ ನಿಂತೆವು. ಆಚೆ ಅರ್ಧ ಇಳಿಜಾರು ಬರಿ ಹುಲ್ಲು, ಹಳದಿ, ಬಿಸಿಲಿಗೆ ಹಬೆಯಾಡುತ್ತಿತ್ತು. ನನ್ನ ನಾನೂರೂ ಅಲ್ಲಿ ಮೇಯುತ್ತಿದ್ದವು. ಹರಿದ ಕಿವಿಯವಳನ್ನು ಕಂಡ ಕೂಡಲೇ ನನಗೆ ಅಳು ಬಂತು, ಅತ್ತೆ.

ಮಾವ ಟೋಪಿ ತೆಗೆದರು. ಆಮೇಲೆ ಕೋಲಿನ ತುದಿಯಿಂದ ನೆಲ ಕೆದಕಿದರು.

"ಹಿಮ ಬಿದ್ದಾಗ ದಾರಿ ತಪ್ಪಿ ಬಂದ ಕುರಿಗಳಲ್ಲ ಇವು. ಹಿಮದ ಅಡೀಲಿ, ರಾತ್ರಿ ಮಲಗಿದ ಕಡೆ, ಇಷ್ಟು ಹಿಕ್ಕೆ ಬಿದ್ದಿದೆ. ನಾಲ್ಕೈದು ದಿನ ಮೊದಲಿಂದಾನೂ ಇಲ್ಲೇ ಇವೆ."

"ಹೌದು ಮಾವ."

"ದಿನಾ ಸಂಜೆ ಎಲ್ಲ ಈಚೆ ಬಂದ್ವು ಅಂದೆ."

"ಅಂದೆ."

ಅವರು ಟೋಪಿ ಹಾಕಿಕೊಂಡರು. ಹತ್ತಿ ಬರುತ್ತಿದ್ದ ಕುರಿಗಳಿಗೆ ದಾರಿ ಬಿಟ್ಟು, ಅವುಗಳ ಪಕ್ಕದಲ್ಲೇ ಕುಂಟುತ್ತ ಒಬ್ಬರೇ ಕೆಳಗಿಳಿದು ಮನೆಗೆ ಹೋದರು.

ಜುಲೈ 30

ಎಲ್ಲ ಆಚೆ ಸೇರಿದವು. ಇನ್ನೂರ ಅರವತ್ತು ಹೋದವು, ಸಾವಿರದ ಮುನ್ನೂರ ನಲವತ್ತು ಉಳಿದವು. ಹುಲ್ಲುಗಾವಲು ಉಳಿಯಿತು. ವಾಟ್ ನನ್ನನ್ನು ತಬ್ಬಿಕೊಂಡು ಎತ್ತಿ ಒಂದು ಸುತ್ತು ತಿರುಗಿಸಿದ, ಆಮೇಲೆ ಸೊಂಟ ಹಿಡಿದುಕೊಂಡು ಕೂತ.

ಮಾವ ನನ್ನೊಂದಿಗೆ ಮಾತಾಡುತ್ತಿಲ್ಲ. ಜ್ವರವಿದೆ. ಅವರ ಮಂಚವನ್ನು ವಾಟ್ ಮತ್ತು ನಾನು ಅಡುಗೆಮನೆಗೆ ಹೊತ್ತು ತಂದೆವು, ಬೇಡವೆನ್ನಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದರು. ಸತ್ತ ಕುರಿಗಳಿಗಿಂತ ನನ್ನ ಸುಳ್ಳೇ ಅವರಿಗೆ ಹೆಚ್ಚು ತಾಗಿತೇ, ಅಥವಾ ಸುಳ್ಳಿಗಿಂತ ಆ ಹಳದಿ ಹುಲ್ಲೇ? ಎಷ್ಟು ಯೋಚಿಸಿದರೂ ಬಗೆಹರಿಯುವುದಿಲ್ಲ. ಅವರು ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತು.

ಆಗಸ್ಟ್ 8

ಬಿಸಿಲಿನ ಪಟ್ಟಿ ಹಿಂದಕ್ಕೆ ಸರಿಯುತ್ತಿದೆ. ನೆಲ್ ಅಜ್ಜನ ಕುರ್ಚಿಯನ್ನು ಅದರ ಜೊತೆಗೆ ದಿನಾ ಸ್ವಲ್ಪ ಸ್ವಲ್ಪ ಎಳೆಯುತ್ತಾಳೆ. ಬೆಕ್ಕು ಅವರ ತೊಡೆಯ ಮೇಲೆ.

ಆಗಸ್ಟ್ 20

ಗುಡ್ಡದಿಂದ ಇಳಿದು ಬರುವಾಗ ಮನೆಯ ಬೆನ್ನಿನಲ್ಲಿ ಏನೋ ಮಿಂಚಿತು. ಹತ್ತಿರ ಬಂದರೆ, ಹಿಂಬಾಗಿಲ ಪಕ್ಕದ ಗೋಡೆಯನ್ನು ಚೌಕವಾಗಿ ಕೊರೆದು ಮುಂದಿನ ಕೋಣೆಯ ಕಿಟಕಿಯನ್ನು ತಂದು ಕೂರಿಸಲಾಗಿದೆ. ಎರಡಡಿ ಹೆಂಟೆಯನ್ನು ಮಾವ ಬ್ರೆಡ್ ಕೊಯ್ಯುವ ಚಾಕುವಿನಲ್ಲಿ ಕೊರೆದಿದ್ದಾರೆ. ಚಾಕು ಹಾಳು.

"ಅಲ್ಲಿ ಅದಕ್ಕೆ ಕೆಲಸ ಇರಲಿಲ್ಲ," ಅಂದರು. ನಾಲ್ಕು ವಾರದಲ್ಲಿ ನನಗೆ ಹೇಳಿದ ಮೊದಲ ಮಾತು.

ನಾನು ಒಳಗೆ ಹೋಗಿ ತಟ್ಟೆ ಹಾಕಿದೆ. ಗಂಜಿ ಬಡಿಸುತ್ತ ಮಾವ, ನನ್ನ ಮುಖ ನೋಡದೆ ಅಂದರು, "ಇನ್ನೊಂದು ಸಲ ಕುರಿಗಾಹಿಗೆ ಸುಳ್ಳು ಹೇಳೋದಾದ್ರೆ, ಮೊದಲು ಹಿಕ್ಕೆ ಗುಡಿಸಿ ಬಂದು ಹೇಳು."

ವಾಟ್‌ಗೆ ನಗು ತಡೆಯಲಾಗದೆ ಗಂಜಿ ನೆತ್ತಿಗೇರಿತು. ಗಂಜಿ ಈಚೆಗೆ ಚೆನ್ನಾಗಿಯೇ ಇರುತ್ತದೆ.

ಸೆಪ್ಟೆಂಬರ್ 22, ಭಾನುವಾರ

ಮರಿ ಹಾಕುವ ಕಾಲ, ಹಗಲೆಲ್ಲ ಆಚೆಯ ಇಳಿಜಾರಿನಲ್ಲೇ. ಗೆರೆಯ ವಿಷಯ ಮರೆತೇಹೋಗಿತ್ತು, ಆಗಸ್ಟ್ ಮೊದಲ ವಾರದಿಂದ ಒಂದೂ ಎಳೆದಿಲ್ಲ. ಇವತ್ತು ಮೊಂಡಮೂತಿ ಅವಳಿ ಹಾಕಿದಳು. ಒಂದು ಮರಿ ಸುಸ್ತಾಗಿತ್ತು. ಅದನ್ನು ಕೋಟಿನೊಳಗೆ ಇಟ್ಟುಕೊಂಡು ಒಲೆಯ ಪಕ್ಕ ಮಲಗಿಸಲು ನಡುಹಗಲಿಗೇ ಮನೆಗೆ ಓಡಿ ಬಂದೆ.

ಹಿಂಬಾಗಿಲು ತೆರೆದಿತ್ತು. ಮಾವ ಅಡುಗೆಮನೆಯ ನೆಲದ ಮೇಲೆ, ಆ ಊದಿದ ಮೊಣಕಾಲನ್ನೂ ಊರಿಕೊಂಡು, ಬಗ್ಗಿ ಕೂತಿದ್ದರು. ಒಂದು ಕೈಯಲ್ಲಿ ನನ್ನ ಅಪ್ಪನ ಗಡಿಯಾರ. ಇನ್ನೊಂದರಲ್ಲಿ ಕುರಿಯ ಬೆನ್ನಿಗೆ ಗುರುತು ಹಾಕುವ ಕೆಂಪು ಜಾಜಿನ ಉಂಡೆ. ನೆಲದ ಮೇಲೆ ನನ್ನ ಬಿಳಿ ಗೆರೆಗಳ ನಡುವೆ ಆರು ಕೆಂಪು ಗೆರೆ, ವಾರಕ್ಕೊಂದರಂತೆ, ಪ್ರತಿಯೊಂದಕ್ಕೂ ತಾರೀಕು. ಒಂದೂ ವಾರ ತಪ್ಪಿಲ್ಲ. ಎಲ್ಲವೂ ಭಾನುವಾರದವೇ.

ಕೋಟಿನೊಳಗಿಂದ ಮರಿ ಒಂದು ಸಲ ಅರಚಿತು.

ಮಾವ ತಲೆಯೆತ್ತಲಿಲ್ಲ. "ಬಾಗಿಲಲ್ಲಿ ನಿಂತ್ಕೋಬೇಡ ಎಫಿ," ಅಂದರು. "ಬಿಸಿಲಿಗೆ ಅಡ್ಡ ಬರ್ತೀಯ."

ಪಕ್ಕಕ್ಕೆ ಸರಿದು ನಿಂತೆ. ಹನ್ನೆರಡಕ್ಕೆ ಇನ್ನೂ ಒಂದು ನಿಮಿಷವಿತ್ತು.